ಗೋಪಾಲಕೃಷ್ಣ ಗೋಖಲೆಯವರೂ ಮಕ್ಕಳ ಓದಿನ ಹೊಣೆಯೂ

ಪುಣೆಯಿಂದ ಊರಿಗೆ ಹೊರಟ ನಮ್ಮ ಜನರೆಲ್ಲ ಬಲ್ಲ ದಾರಿ ಅದು. ಕೊಲ್ಲಾಪುರ ದಾಟಿ ಸ್ವಲ್ಪ ದೂರ ಬಂದರೆ ಕಾಗಲ ಎಂಬ ಊರು. ಅದರಾಚೆ ನಿಪ್ಪಾಣಿ, ಕನ್ನಡದ ಬೋರ್ಡುಗಳು. ಗಡಿ ಬಂದಿತೆಂಬ ಸಂತೋಷದಲ್ಲಿ ಕಾಗಲದ ಕಡೆಗೆ ನಾವು ಕಣ್ಣೆತ್ತಿಯೂ ನೋಡುವುದಿಲ್ಲ. ಗೋಪಾಲಕೃಷ್ಣ ಗೋಖಲೆಯವರು ಬಾಲ್ಯದಲ್ಲಿ ಓದಿದ ಊರು ಅದು. ಮಕ್ಕಳನ್ನು ಶಾಲೆಗೆ ಕಳಿಸುವುದು ತಂದೆತಾಯಿಗಳ ಇಷ್ಟಕ್ಕೆ ಬಿಟ್ಟ ವಿಷಯವಲ್ಲ, ಕಾನೂನಿನ ವಿಷಯ ಎಂದು ವೈಸರಾಯರ ಶಾಸನಸಭೆಯಲ್ಲಿ ಮಸೂದೆ ತಂದವರು ಅವರು. ರಾಜ್ಯೋತ್ಸವದ ಸಂಚಿಕೆಯಲ್ಲಿ ಮರಾಠಿ ನಾಡಿನವರ ಚರಿತ್ರೆಯೇಕೆಂದು ಯಾರಾದರೂ ಕೇಳಿಯಾರು. ಮಕ್ಕಳ ಓದಿನ ಚಿಂತೆ ಹೊತ್ತು ಪರನಾಡಿನಲ್ಲಿ ಸಂಸಾರ ನಡೆಸುವ ನಮಗೆ ಅವರು ಹೊರಗಿನವರಲ್ಲ.

ಅವರು ಹುಟ್ಟಿದುದು 1866ರ ಮೇ 9ರಂದು, ರತ್ನಾಗಿರಿ ಜಿಲ್ಲೆಯ ಕೋತಳೂಕಿನಲ್ಲಿ. ತಂದೆ ಕೃಷ್ಣರಾಯರು ಕಾಗಲದಲ್ಲಿ ಗುಮಾಸ್ತರಾಗಿದ್ದು ಮುಂದೆ ಪೋಲೀಸು ಅಧಿಕಾರಿಯಾದವರು, ತಾಯಿ ಸತ್ಯಭಾಮಾಬಾಯಿ. 1879ರಲ್ಲಿ ತಂದೆ ತೀರಿಕೊಂಡಾಗ ಗೋಪಾಲನಿಗೆ ಹದಿಮೂರು ವರ್ಷ. ಮನೆಯಲ್ಲಿ ಗಳಿಸುವವರು ಯಾರೂ ಉಳಿಯಲಿಲ್ಲ. ಅಣ್ಣ ಗೋವಿಂದರಾಯರು ತಮ್ಮ ಓದನ್ನು ಅಲ್ಲಿಗೇ ನಿಲ್ಲಿಸಿ, ಕಾಗಲದಲ್ಲಿ ತಿಂಗಳಿಗೆ 15 ರೂಪಾಯಿಯ ನೌಕರಿಗೆ ಸೇರಿದರು. ಆ ಹದಿನೈದರಲ್ಲಿ ಎಂಟು ರೂಪಾಯಿ ಕೊಲ್ಲಾಪುರದಲ್ಲಿ ಓದುತ್ತಿದ್ದ ತಮ್ಮನಿಗೆ ಹೋಗುತ್ತಿದ್ದಿತು. ಉಳಿದ ಏಳರಲ್ಲಿ ಮನೆ ನಡೆಯಬೇಕು. ಗೋಖಲೆಯವರ ಚರಿತ್ರೆಯನ್ನು ಬರೆಯುವವರು ಈ ಲೆಕ್ಕವನ್ನು ಒಂದು ಸಾಲಿನಲ್ಲಿ ಹೇಳಿ ಮುಂದಕ್ಕೆ ಹೋಗುತ್ತಾರೆ. ನಮಗೆ ಮಾತ್ರ ಅವರ ಇಡೀ ಜೀವನದ ಬೇರು ಇಲ್ಲಿದೆಯೆಂದು ತೋರುತ್ತದೆ.

ಆ ಎಂಟು ರೂಪಾಯಿಯ ಬೆಲೆ ಹುಡುಗನಿಗೆ ತಿಳಿದಿದ್ದಿತು. ಅಡಿಗೆಯನ್ನು ತಾನೇ ಮಾಡಿಕೊಳ್ಳುತ್ತಿದ್ದ. ಒಮ್ಮೆ ಗೆಳೆಯನೊಬ್ಬ ನಾಟಕಕ್ಕೆ ಕರೆದನಂತೆ. ಇವನು ಅದನ್ನು ಸ್ನೇಹದ ಕರೆಯೆಂದು ತಿಳಿದು ಹೋದ. ಆಮೇಲೆ ಗೆಳೆಯ ಟಿಕೇಟಿನ ಎರಡಾಣೆಯನ್ನು ಕೇಳಿದ. ಆ ಎರಡಾಣೆಯನ್ನು ತುಂಬಿಕೊಳ್ಳಲು ದೀಪದ ಎಣ್ಣೆಯ ಖರ್ಚು ನಿಲ್ಲಿಸಿ, ಬೀದಿಯ ದೀಪದ ಕೆಳಗೆ ಕುಳಿತು ಓದಿದನೆಂದು ಕಥೆಯಿದೆ. 1881ರಲ್ಲಿ ಮೆಟ್ರಿಕ್ ಮುಗಿಯಿತು. ಇನ್ನು ಸಾಕು, ಅಣ್ಣನ ಭಾರವನ್ನು ಇಳಿಸುತ್ತೇನೆ ಎಂದು ಗೋಪಾಲನು ನೌಕರಿಗೆ ಹೊರಟಾಗ ಅಣ್ಣನೂ ಅತ್ತಿಗೆಯೂ ಒಪ್ಪಲಿಲ್ಲ. ಅತ್ತಿಗೆ ತನ್ನ ಒಡವೆಗಳನ್ನು ಮಾರಿ ಕಾಲೇಜಿಗೆ ಕಳಿಸಿದಳು. ಮೈಮೇಲಿನ ಬಂಗಾರವು ಶಾಲೆಯ ಫೀಜಾಗಿ ಹೋದುದನ್ನು ಕಂಡ ಮನೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ.

ಕೊಲ್ಲಾಪುರ, ಪುಣೆ, ಮುಂಬಯಿಗಳ ಕಾಲೇಜುಗಳಲ್ಲಿ ಓದಿ 1884ರಲ್ಲಿ ಎಲ್ಫಿನ್‌ಸ್ಟನ್ ಕಾಲೇಜಿನಿಂದ ಬಿ.ಎ. ಆಯಿತು. ಹೆಚ್ಚು ಸಂಬಳದ ಕೆಲಸಗಳನ್ನು ಹುಡುಕಿ ಹೋಗದೆ ಅವರು ಪುಣೆಯ ಡೆಕ್ಕನ್ ಎಜುಕೇಶನ್ ಸೊಸೈಟಿಯನ್ನು ಸೇರಿ, ತಿಂಗಳಿಗೆ 75 ರೂಪಾಯಿಗೆ ಇಪ್ಪತ್ತು ವರ್ಷ ಪಾಠ ಹೇಳುವುದಾಗಿ ಮಾತು ಕೊಟ್ಟರು. ಫರ್ಗ್ಯುಸನ್ ಕಾಲೇಜಿನಲ್ಲಿ ಇಂಗ್ಲಿಷು, ಗಣಿತ, ಇತಿಹಾಸ, ಅರ್ಥಶಾಸ್ತ್ರ ಎಲ್ಲವನ್ನೂ ಕಲಿಸಿದರು. ಅವರು ಬರೆದ ಅಂಕಗಣಿತದ ಪುಸ್ತಕವು ಬಹುಕಾಲ ಶಾಲೆಗಳಲ್ಲಿ ನಡೆಯಿತು. ನ್ಯಾಯಮೂರ್ತಿ ರಾನಡೆಯವರ ಕೈಯಲ್ಲಿ ಪಳಗಿ ಅಂಕಿಸಂಖ್ಯೆಗಳನ್ನು ಜರಡಿ ಹಿಡಿದು ಮಾತನಾಡುವುದನ್ನು ಕಲಿತರು. ಕಾಂಗ್ರೆಸ್ಸಿನ ಅಧ್ಯಕ್ಷತೆ, 1905ರ ಭಾರತ ಸೇವಕ ಸಮಾಜ, ಗಾಂಧೀಜಿಯವರು ಅವರನ್ನು ರಾಜಕೀಯ ಗುರುವೆಂದು ಒಪ್ಪಿಕೊಂಡದ್ದು, ಇವೆಲ್ಲ ವಾಚಕರಿಗೆ ತಿಳಿದೇ ಇವೆ.

ಆಗ ದೇಶದಲ್ಲಿ ಓದುಬರಹ ಬಲ್ಲವರು ನೂರಕ್ಕೆ ಆರು ಮಂದಿ. ಬಡೋದೆಯ ಸಯಾಜಿರಾವ್ ಮಹಾರಾಜರು 1893ರಲ್ಲಿ ಅಮರೇಲಿಯಲ್ಲಿ ಕಡ್ಡಾಯ ಶಿಕ್ಷಣವನ್ನು ಪ್ರಾರಂಭಿಸಿ, 1906ರಲ್ಲಿ ರಾಜ್ಯಕ್ಕೆಲ್ಲ ಹಬ್ಬಿಸಿದ್ದರು. ಒಬ್ಬ ದೇಶೀಯ ಅರಸನಿಂದ ಆಗುವುದು ಬ್ರಿಟಿಷ್ ಸರಕಾರದಿಂದ ಏಕೆ ಆಗಬಾರದೆಂಬುದು ಗೋಖಲೆಯವರ ಪ್ರಶ್ನೆ. 1910ರ ಮಾರ್ಚಿನಲ್ಲಿ ಠರಾವು ತಂದರು; ಸರಕಾರ ವಿಚಾರ ಮಾಡುವೆನೆಂದುದರಿಂದ ಹಿಂದಕ್ಕೆ ತೆಗೆದುಕೊಂಡರು. 1911ರ ಮಾರ್ಚ್ 16ರಂದು ಮಸೂದೆಯನ್ನೇ ತಂದರು.

ಮಸೂದೆಯ ಒಳಗನ್ನು ಸ್ವಲ್ಪ ನೋಡಬೇಕು. ಅದನ್ನು ಬರೆದವರು ಎಂಟು ರೂಪಾಯಿಯಲ್ಲಿ ಓದಿದವರೆಂಬುದು ಅಲ್ಲಿ ಕಾಣುತ್ತದೆ. ಆರರಿಂದ ಹತ್ತು ವರ್ಷದ ಗಂಡುಮಕ್ಕಳನ್ನು ಶಾಲೆಗೆ ಕಳಿಸುವುದು ತಂದೆಯ ಕರ್ತವ್ಯ, ಕಳಿಸದಿದ್ದರೆ ದಂಡ. ಹೆಣ್ಣುಮಕ್ಕಳಿಗೆ ಆಮೇಲೆ ವಿಸ್ತರಿಸಬಹುದೆಂದು ಇಟ್ಟುಕೊಂಡಿದ್ದರು. ಇದು ನಮಗೆ ಮಸೂದೆಯ ದೊಡ್ಡ ಕೊರತೆಯಾಗಿ ಕಾಣುತ್ತದೆ. ಆದರೆ ದಂಡದ ಮಾತಿಗೆ ಮೊದಲು ಎಷ್ಟೊಂದು ಷರತ್ತುಗಳು! ಒಂದು ಮೈಲಿಯೊಳಗೆ ಶಾಲೆ ಇಲ್ಲದಿದ್ದರೆ ತಂದೆಯ ತಪ್ಪಲ್ಲ. ಮಗುವಿಗೆ ಕಾಯಿಲೆಯಾದರೆ, ಬಿತ್ತನೆ ಸುಗ್ಗಿಗಳಲ್ಲಿ ಕೈ ಬೇಕಾದರೆ ವಿನಾಯಿತಿ. ತಿಂಗಳಿಗೆ ಹತ್ತು ರೂಪಾಯಿಗಿಂತ ಹೆಚ್ಚು ವರಮಾನವಿಲ್ಲದವನಿಂದ ಫೀ ತೆಗೆದುಕೊಳ್ಳಕೂಡದು. ಇಷ್ಟಾಗಿಯೂ ಕಡ್ಡಾಯವು ಎಲ್ಲೆಡೆಗೂ ಅಲ್ಲ. ಆಗಲೇ ಸಾಕಷ್ಟು ಮಕ್ಕಳು ಶಾಲೆಗೆ ಬರುತ್ತಿರುವ ಊರುಗಳಲ್ಲಿ, ಅದೂ ಅಲ್ಲಿಯ ಮುನಿಸಿಪಾಲಿಟಿ ಅಥವಾ ಜಿಲ್ಲಾಬೋರ್ಡು ಬಯಸಿದರೆ ಮಾತ್ರ. ಖರ್ಚಿನಲ್ಲಿ ಮೂರನೆಯ ಒಂದು ಪಾಲು ಊರಿನದು, ಎರಡು ಪಾಲು ಸರಕಾರದ್ದು. ಹೀಗೆ, ತಂದೆಯ ಕೊರಳಿಗೆ ಹೊಣೆ ಕಟ್ಟುವ ಮುನ್ನ ಸರಕಾರದ ಕೊರಳಿಗೆ ಅದಕ್ಕಿಂತ ಭಾರವಾದುದನ್ನು ಕಟ್ಟಿದ್ದರು.

ವಿರೋಧವು ಹಲವು ಕಡೆಯಿಂದ ಬಂದಿತು. ಜನರೇ ಇದನ್ನು ಕೇಳಿಲ್ಲ, ಹಣವಿಲ್ಲ ಎಂದು ಸರಕಾರ ಹೇಳಿತು. ಕೂಲಿಗೆ ಆಳು ಸಿಕ್ಕದೆಂದು ಜಮೀನುದಾರರು ಅಳುಕಿದರು. ಬಡವನ ಮನೆಗೆ ದಂಡದವನು ನುಗ್ಗುವನೆಂದು ಮರುಗಿದವರೂ ಇದ್ದರು. ಈ ಕೊನೆಯ ಮಾತನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಬಡ ತಂದೆ ಮಗನನ್ನು ಶಾಲೆ ಬಿಡಿಸುವುದು ಹಟದಿಂದಲ್ಲ, ಹಸಿವಿನಿಂದ. ಮುಂಬಯಿಯ ಹೋಟೆಲುಗಳಿಗೆ ದಕ್ಷಿಣ ಕನ್ನಡದಿಂದ ಬಂದು, ಹಗಲೆಲ್ಲ ಕಪ್ಪುಬಸಿ ತೊಳೆದು, ಇರುಳು ಕನ್ನಡದ ರಾತ್ರಿಶಾಲೆಗಳಲ್ಲಿ ಕುಳಿತ ಹುಡುಗರ ತಂದೆತಾಯಿಗಳನ್ನು ಯಾವ ನ್ಯಾಯಾಧೀಶನು ದಂಡಿಸಿಯಾನು? ಗೋಖಲೆಯವರಿಗೆ ಇದು ತಿಳಿಯದ ಸಂಗತಿಯಲ್ಲ. ಆದುದರಿಂದಲೇ ಶಾಲೆಗೆ ಹೋಗಬೇಕಾದ ಹುಡುಗನನ್ನು ದುಡಿಸಿಕೊಳ್ಳುವವನಿಗೂ ಮಸೂದೆಯಲ್ಲಿ ದಂಡವಿಟ್ಟಿದ್ದರು.

1912ರ ಮಾರ್ಚ್ 18, 19ರಂದು ಚರ್ಚೆ ನಡೆಯಿತು. ಮಸೂದೆ ಬಿದ್ದುಹೋಗುವುದೆಂದು ಗೋಖಲೆಯವರು ಮೊದಲೇ ಬಲ್ಲರು; ಹಾಗೆಂದು ಸಭೆಯಲ್ಲಿ ಹೇಳಿಯೂ ಹೇಳಿದರು. ಮಾಳವೀಯ, ಜಿನ್ನಾ, ಮಜಹರುಲ್ ಹಕ್ ಮೊದಲಾದವರು ಜೊತೆಗೆ ನಿಂತರು. ಪರವಾಗಿ 13 ಮತ, ವಿರುದ್ಧವಾಗಿ 38.

ಮರುವರ್ಷ, 1913ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಮೈಸೂರಿನಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ಬಂದಿತು. ಮುಂಬಯಿ ಪ್ರಾಂತದಲ್ಲಿ ವಿಠ್ಠಲಭಾಯಿ ಪಟೇಲರ ಕಾನೂನು 1918ರಲ್ಲಿ ಆಯಿತು. ಅದನ್ನು ನೋಡಲು ಗೋಖಲೆಯವರು ಇರಲಿಲ್ಲ. 1915ರ ಫೆಬ್ರವರಿ 19ರಂದು, ಇನ್ನೂ 49 ತುಂಬುವ ಮೊದಲೇ, ಪುಣೆಯಲ್ಲಿ ತೀರಿಕೊಂಡಿದ್ದರು. ಕನ್ನಡಿಗರಲ್ಲಿ ಅವರ ಹೆಸರನ್ನು ಉಳಿಸಿದವರು ಡಿ. ವಿ. ಗುಂಡಪ್ಪನವರು. ಅವರು ಗೋಖಲೆಯವರ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆದರಲ್ಲದೆ, 1945ರಲ್ಲಿ ಬೆಂಗಳೂರಿನಲ್ಲಿ ಅವರ ಹೆಸರಿನ ಸಂಸ್ಥೆಯನ್ನೂ ಸ್ಥಾಪಿಸಿದರು.

ಮಸೂದೆ ಬಿದ್ದ ತೊಂಬತ್ತೇಳು ವರ್ಷಗಳ ಮೇಲೆ, 2009ರಲ್ಲಿ, ಸಂಸತ್ತು ಆರರಿಂದ ಹದಿನಾಲ್ಕು ವರ್ಷದ ಎಲ್ಲ ಮಕ್ಕಳಿಗೂ, ಹೆಣ್ಣುಮಕ್ಕಳನ್ನೂ ಕೂಡಿಸಿಕೊಂಡು, ಉಚಿತ ಕಡ್ಡಾಯ ಶಿಕ್ಷಣದ ಕಾನೂನು ಮಾಡಿತು. ಮಗುವನ್ನು ಶಾಲೆಗೆ ಸೇರಿಸುವುದು ತಂದೆತಾಯಿಗಳ ಕರ್ತವ್ಯವೆಂದು ಅದರಲ್ಲಿಯೂ ಇದೆ; ದಂಡ ಮಾತ್ರ ಇಲ್ಲ. ಅದರ ಬದಲಿಗೆ, ಸರಕಾರದ ಮತ್ತು ಅನುದಾನದ ಶಾಲೆಗಳ ಆಡಳಿತ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಸ್ಥಾನ ತಂದೆತಾಯಿ ಪಾಲಕರಿಗೆ, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರು ಎಂದು ಇಟ್ಟಿದ್ದಾರೆ. ಒಡವೆ ಮಾರಿ ಮೈದುನನನ್ನು ಓದಿಸಿದ ಆ ಅತ್ತಿಗೆಯಂಥವರಿಗೂ ಅಲ್ಲಿ ಕುರ್ಚಿಯಿದೆ. ನಮ್ಮ ಮಕ್ಕಳು ಹೋಗುವ ಇಂಥ ಶಾಲೆಗಳಲ್ಲಿ ಆ ಸಭೆಗೆ ಎಷ್ಟು ಮಂದಿ ಹೋಗುತ್ತೇವೆಂಬ ಲೆಕ್ಕ ನಮ್ಮ ನಮ್ಮ ಮನೆಗಳಲ್ಲಿಯೇ ಇದೆ.