ಕಾಳಿನೊಳಗಿನ ನೈಟ್ರೋಜನ್ ಅಳೆದ ಕೆಲ್ಡಾಲ್

ಬ್ಯಾಡಗಿ ಮಾರ್ಕೆಟ್‌ನಲ್ಲಿ ಮೆಣಸಿನಕಾಯಿಯ ಬಣ್ಣ, ಸುಕ್ಕು ನೋಡಿಯೇ ಅದರ ಗುಣ ಹೇಳಿಬಿಡ್ತಾರೆ. ಆದರೆ ಹಾವೇರಿ, ರಾಣೆಬೆನ್ನೂರು ಕಡೆ ಬೆಳೆಯೋ ಗೋವಿನಜೋಳದಲ್ಲಿ ಪ್ರೋಟೀನ್ ಎಷ್ಟಿದೆ ಅಂತ ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ. ಅದನ್ನು ಅಳೆಯುವ ದಾರಿ ತೋರಿಸಿದವರು ಬಿಯರ್ ಕಂಪನಿಯೊಂದರ ಕೆಮಿಸ್ಟ್, ಯೋಹಾನ್ ಕೆಲ್ಡಾಲ್. ಹೌದು, ಫಸ್ಟ್ ಪಿಯುಸಿ ಕೆಮಿಸ್ಟ್ರಿಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಅದೇ ಕೆಲ್ಡಾಲ್!

ಇವರು ಹುಟ್ಟಿದ್ದು 1849ರಲ್ಲಿ, ಡೆನ್ಮಾರ್ಕಿನಲ್ಲಿ. ತಂದೆ ಡಾಕ್ಟರ್. ಕೋಪನ್‌ಹೇಗನ್‌ನಲ್ಲಿ ಓದು ಮುಗಿಸಿ ಕಾರ್ಲ್ಸ್‌ಬರ್ಗ್ ಲ್ಯಾಬ್ ಸೇರಿದರು. 1876ರಲ್ಲಿ ಅಲ್ಲಿನ ಕೆಮಿಸ್ಟ್ರಿ ವಿಭಾಗದ ಮುಖ್ಯಸ್ಥರಾದಾಗ ವಯಸ್ಸು ಮೂವತ್ತೂ ಆಗಿರಲಿಲ್ಲ.

ಬಿಯರ್ ಮಾಡೋದು ಬಾರ್ಲಿಯಿಂದ. ಕಾಳಲ್ಲಿ ಪ್ರೋಟೀನ್ ಜಾಸ್ತಿ ಇದ್ದರೆ ಪಿಷ್ಟ ಕಡಿಮೆ, ಬಿಯರ್ ಕೂಡ ಮಬ್ಬಾಗುತ್ತೆ. ಪ್ರೋಟೀನ್ ತಿಳಿಯೋಕೆ ಅದರಲ್ಲಿರುವ ನೈಟ್ರೋಜನ್ ಅಳೀಬೇಕು. ಆಗ ಇದ್ದ ಡ್ಯೂಮಾ ವಿಧಾನದಲ್ಲಿ ಸ್ಯಾಂಪಲ್ ಸುಟ್ಟು ಗ್ಯಾಸ್ ಹಿಡಿಯಬೇಕಿತ್ತು. ದಿನಾ ಹತ್ತಾರು ಸ್ಯಾಂಪಲ್ ನೋಡೋಕೆ ಅದು ಆಗದ ಮಾತು.

1883ರ ಮಾರ್ಚ್‌ನಲ್ಲಿ ಕೆಲ್ಡಾಲ್ ತಮ್ಮ ವಿಧಾನವನ್ನು ಮುಂದಿಟ್ಟರು. ಕಾಳಿನ ಪುಡಿಯನ್ನು ಸಾಂದ್ರ ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಕುದಿಸಿದರೆ ನೈಟ್ರೋಜನ್ ಅಮೋನಿಯಂ ಸಲ್ಫೇಟ್ ಆಗುತ್ತೆ. ಅದಕ್ಕೆ ಕಾಸ್ಟಿಕ್ ಸೋಡಾ ಹಾಕಿ ಕಾಯಿಸಿದರೆ ಅಮೋನಿಯಾ ಹೊರಬರುತ್ತೆ. ಅದನ್ನು ಆಸಿಡ್‌ನಲ್ಲಿ ಹಿಡಿದು ಟೈಟ್ರೇಷನ್ ಮಾಡಿದರೆ ನೈಟ್ರೋಜನ್ ಲೆಕ್ಕ ಸಿಕ್ಕಿತು. ಅದನ್ನು 6.25ರಿಂದ ಗುಣಿಸಿದರೆ ಪ್ರೋಟೀನ್ ಅಂದಾಜು.

ಇದನ್ನು ಕಂಪನಿ ಗುಟ್ಟಾಗಿ ಇಟ್ಟುಕೊಳ್ಳಬಹುದಿತ್ತು. ಆದರೆ ಲ್ಯಾಬ್‌ನಲ್ಲಿ ಕಂಡುಹಿಡಿದ ಮುಖ್ಯ ಸಂಗತಿ ಯಾವುದನ್ನೂ ಮುಚ್ಚಿಡಬಾರದು ಅನ್ನೋದು ಮಾಲೀಕ ಜೇಕಬ್‌ಸನ್ ಹಾಕಿದ್ದ ನಿಯಮ. ಅದೇ ವರ್ಷ ವಿಧಾನ ಜರ್ಮನ್ ಪತ್ರಿಕೆಯಲ್ಲಿ ಅಚ್ಚಾಯಿತು. ಬಾರ್ಲಿಗೆ ಅಂತ ಹುಟ್ಟಿದ್ದು ಹಾಲು, ಗೊಬ್ಬರ, ಮಣ್ಣು, ಕೋಳಿ ಆಹಾರ ಎಲ್ಲಕ್ಕೂ ಬಳಕೆಗೆ ಬಂತು.

1900ರ ಜುಲೈನಲ್ಲಿ ಸಮುದ್ರಸ್ನಾನಕ್ಕೆ ಇಳಿದಿದ್ದಾಗ ಕೆಲ್ಡಾಲ್ ತೀರಿಕೊಂಡರು. ಆಗ ಅವರಿಗೆ ಐವತ್ತು ವರ್ಷ. ಅವರ ಜಾಗಕ್ಕೆ ಬಂದವರು ಸೋರೆನ್‌ಸನ್, ಮುಂದೆ ಪಿಎಚ್ ಸ್ಕೇಲ್ ಕೊಟ್ಟವರು.

ಒಂದು ವಿಷಯ ಮಾತ್ರ ನಾವು ಮರೀಬಾರದು. ಈ ವಿಧಾನ ಅಳೆಯೋದು ನೈಟ್ರೋಜನ್, ಪ್ರೋಟೀನ್ ಅಲ್ಲ. 2008ರಲ್ಲಿ ಚೀನಾದಲ್ಲಿ ನೀರು ಬೆರೆಸಿದ ಹಾಲಿಗೆ ನೈಟ್ರೋಜನ್ ತುಂಬಿರುವ ಮೆಲಮೈನ್ ಹಾಕಿದ್ದು ಬಯಲಾಯ್ತು. ಟೆಸ್ಟ್‌ನಲ್ಲಿ ಪ್ರೋಟೀನ್ ಸರಿ ಇದೆ ಅಂತಲೇ ಬರ್ತಿತ್ತು. ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು, ಆರು ಕಂದಮ್ಮಗಳು ಸತ್ತವು. ತಪ್ಪು ಕೆಲ್ಡಾಲ್‌ರದ್ದಲ್ಲ. ಮೀಟರ್ ತೋರಿಸೋ ನಂಬರ್ ನಿಜವಾಗಿ ಯಾವುದರದ್ದು ಅಂತ ಕೇಳಬೇಕಾದವರು ನಾಳೆ ಎಂಜಿನಿಯರ್ ಆಗೋ ನಾವೇ.