ಡೋರ್ನಕಲ್‌ನ ಬಿಷಪ್ ಅಜರಯ್ಯ

ವಿಜಯವಾಡದ ಕಡೆ ಹೋಗೋ ರೈಲಿನಲ್ಲಿ ಕಾಜೀಪೇಟೆ ದಾಟಿದ ಮೇಲೆ ಡೋರ್ನಕಲ್ ಅಂತ ಒಂದು ಜಂಕ್ಷನ್ ಸಿಗುತ್ತದೆ. ಈಗ ಅದು ತೆಲಂಗಾಣದಲ್ಲಿದೆ. ಹಿಂದೆ ನಮ್ಮ ರಾಯಚೂರು, ಬೀದರ್, ಗುಲ್ಬರ್ಗಗಳ ಹಾಗೆ ನಿಜಾಮನ ಸೀಮೆಗೆ ಸೇರಿತ್ತು. ಆಂಗ್ಲಿಕನ್ ಸಭೆಯ ಮೊಟ್ಟಮೊದಲ ಭಾರತೀಯ ಬಿಷಪ್ ವೇದನಾಯಗಂ ಸ್ಯಾಮ್ಯುಯೆಲ್ ಅಜರಯ್ಯ ಬಾಳಿ ದುಡಿದದ್ದು ಇದೇ ಊರಲ್ಲಿ.

ಅಜರಯ್ಯ ಹುಟ್ಟಿದ್ದು 1874ರಲ್ಲಿ, ತಿರುನೆಲ್ವೇಲಿ ಸೀಮೆಯ ವೆಳ್ಳಾಳನ್‌ವಿಳೈ ಎಂಬ ಹಳ್ಳಿಯಲ್ಲಿ. ತಂದೆ ಅಲ್ಲಿಯ ಪಾದ್ರಿ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿದರೂ ಡಿಗ್ರಿ ಕೈಗೆ ಬರಲಿಲ್ಲ. 1895ರಿಂದ ವೈ.ಎಂ.ಸಿ.ಎ. ಕಾರ್ಯದರ್ಶಿಯಾಗಿ ಊರೂರು ಸುತ್ತಿದರು. ಸುತ್ತುವಾಗ ಒಂದು ಸಂಗತಿ ಅವರಿಗೆ ಕಣ್ಣಿಗೆ ಹೊಡೆದ ಹಾಗೆ ಕಂಡಿತು. ಹಣ ಮಿಷನರಿಗಳದು, ಯೋಜನೆ ಅವರದು, ತೀರ್ಮಾನವೂ ಅವರದೇ. ನಮ್ಮ ಜನ ಸಂಬಳಕ್ಕೆ ದುಡಿಯುವವರು, ಇಲ್ಲವೆ ಕೈ ಚಾಚುವವರು. ಕಾಮರ್ಸ್ ಓದೋ ನಮಗೆ ಇದು ಬೇಗ ತಿಳಿಯುತ್ತೆ. ಬಂಡವಾಳ ಹಾಕದವನು ಲೆಕ್ಕ ಕೇಳೋದಿಲ್ಲ, ನಷ್ಟವಾದರೆ ಅಳೋದೂ ಇಲ್ಲ.

1903ರಲ್ಲಿ ಗೆಳೆಯರೊಂದಿಗೆ ತಿರುನೆಲ್ವೇಲಿಯಲ್ಲಿ ಇಂಡಿಯನ್ ಮಿಷನರಿ ಸೊಸೈಟಿ ಕಟ್ಟಿದರು. ಕೆಲಸಗಾರರು, ದುಡ್ಡು, ಆಡಳಿತ ಮೂರೂ ಇಲ್ಲಿಯದೇ ಆಗಿರಬೇಕೆಂಬುದು ಅದರ ಕಟ್ಟಳೆ. ಅದು ಆರಿಸಿಕೊಂಡ ಜಾಗವೇ ಡೋರ್ನಕಲ್. 1909ರಲ್ಲಿ ಅಜರಯ್ಯನವರು ದೊಡ್ಡ ಹುದ್ದೆ ಬಿಟ್ಟು ತಾವೇ ಅಲ್ಲಿಗೆ ಹೋದರು. ಮೂವತ್ತೈದರ ವಯಸ್ಸಿನಲ್ಲಿ ತೆಲುಗು ಕಲಿತರು. ಮರುವರ್ಷ ಎಡಿನ್‌ಬರೋದ ಜಾಗತಿಕ ಸಮ್ಮೇಳನದಲ್ಲಿ, ಮಿಷನರಿಗಳು ದಾನ ಕೊಟ್ಟದ್ದು ಸರಿ, ಸ್ನೇಹವನ್ನೂ ಕೊಡಬೇಕು ಅಂತ ಮುಖಕ್ಕೇ ಹೇಳಿದರು. ಸಭೆಯಲ್ಲಿ ಹಲವರಿಗೆ ಅದು ಕಹಿಯಾಯಿತು.

1912ರಲ್ಲಿ ಕಲ್ಕತ್ತೆಯಲ್ಲಿ ಬಿಷಪ್ ಪಟ್ಟ ಆಯಿತು. ಭಾರತೀಯನ ಕೈಲಿ ಈ ಕೆಲಸ ಆಗುತ್ತದೆಯೇ ಎಂದವರಲ್ಲಿ ಬಿಳಿಯರಷ್ಟೇ ಅಲ್ಲ, ನಮ್ಮವರೂ ಇದ್ದರು. ಅಜರಯ್ಯನವರು ವಾದಕ್ಕೆ ನಿಲ್ಲಲಿಲ್ಲ, ಎತ್ತಿನ ಗಾಡಿ ಹತ್ತಿ ಹಳ್ಳಿಗಳಿಗೆ ಹೊರಟರು. ಅಲ್ಲಿ ಸಭೆಗೆ ಸೇರುತ್ತಿದ್ದವರು ಹೆಚ್ಚಾಗಿ ಮಾಲ, ಮಾದಿಗ ಕೂಲಿಕಾರರು. ಊರು ಅವರಿಂದ ಎಂದೂ ಅಭಿಪ್ರಾಯ ಕೇಳಿರಲಿಲ್ಲ. ಅಜರಯ್ಯ ಅವರನ್ನೇ ಹೊಣೆಗಾರರನ್ನಾಗಿ ಮಾಡಿದರು. ದೀಕ್ಷಾಸ್ನಾನ ಪಡೆದವನು ತನ್ನ ತಲೆ ಮೇಲೆ ತಾನೇ ಕೈಯಿಟ್ಟು, ತಿಳಿದದ್ದನ್ನು ನಾಲ್ಕು ಜನಕ್ಕೆ ತಿಳಿಸುತ್ತೇನೆಂದು ಪ್ರತಿಜ್ಞೆ ಮಾಡಬೇಕಿತ್ತು. ಬಡವರೆಂದು ಕಾಣಿಕೆಯಲ್ಲಿ ರಿಯಾಯಿತಿ ಇರಲಿಲ್ಲ. ಸುಗ್ಗಿ ಹಬ್ಬಕ್ಕೆ ಕಾಳೋ ಕೋಳಿಯೋ, ಇದ್ದದ್ದನ್ನು ತರುತ್ತಿದ್ದರು. ಹೆಂಡತಿ ಅನ್ಬು ಮರಿಯಮ್ಮಾಳ್ ಹೆಂಗಸರ ನಡುವೆ ದುಡಿದರು. 1924ರ ಹೊತ್ತಿಗೆ ಆ ಪ್ರಾಂತದಲ್ಲಿ ಇಂಗ್ಲಿಷ್ ಪಾದ್ರಿಗಳು 8, ಭಾರತೀಯರು 53.

ಡೋರ್ನಕಲ್ಲಿನ ದೊಡ್ಡ ದೇವಾಲಯ ಮುಗಿಯಲು ಬಹಳ ವರ್ಷ ಹಿಡಿದು, 1939ರಲ್ಲಿ ಪ್ರತಿಷ್ಠೆಯಾಯಿತು. ಗುಮ್ಮಟ, ಮಿನಾರು, ಮಂಟಪದ ಕಂಬ ಎಲ್ಲಾ ಅದರಲ್ಲಿವೆ. ನೋಡಿದವನಿಗೆ ಪರದೇಶದ್ದು ಅನ್ನಿಸಬಾರದೆಂಬುದು ಅವರ ಆಸೆ.

ಮತಾಂತರದ ವಿಷಯದಲ್ಲಿ ಗಾಂಧೀಜಿಗೂ ಅವರಿಗೂ ಕೊನೆವರೆಗೆ ಹೊಂದಲಿಲ್ಲ. ಅದರಲ್ಲಿ ಯಾರ ಕಡೆ ಸರಿ ಎಂದು ಇವತ್ತಿಗೂ ವಾದ ಮಾಡಬಹುದು. ಆದರೆ ತುಳಿಸಿಕೊಂಡವರಿಗೆ, ಇದು ನಿಮ್ಮದು, ನೀವೇ ನಡೆಸಿ ಅಂತ ಹೇಳಿ ನಿಜವಾಗಿ ಬಿಟ್ಟುಕೊಟ್ಟವರು ಎಷ್ಟು ಜನ?

ಹಲವು ಸಭೆಗಳು ಒಂದಾಗಬೇಕೆಂದು ಅವರು 1919ರಿಂದ ದುಡಿದರು. 1945ರ ಜನವರಿ 1ರಂದು ಡೋರ್ನಕಲ್ಲಿನಲ್ಲೇ ತೀರಿಕೊಂಡರು. ದಕ್ಷಿಣ ಭಾರತ ಸಭೆ ಹುಟ್ಟಿದ್ದು 1947ರ ಸೆಪ್ಟೆಂಬರ್‌ನಲ್ಲಿ. ಮುಂದೆ ನಿಂತವರು ಹೋದ ಮೇಲೂ ಕೆಲಸ ನಿಲ್ಲಲಿಲ್ಲ. ಅಷ್ಟು ಹೊತ್ತಿಗೆ ಅದು ಅವರೊಬ್ಬರದಾಗಿ ಉಳಿದಿರಲಿಲ್ಲ.