ಎರಡು ಕುರ್ಚಿ, ಒಬ್ಬರೇ ಧವನ್: ಇಸ್ರೋ ಬೆಂಗಳೂರಿಗೆ ಬಂದ ಕತೆ

1971ರ ಡಿಸೆಂಬರ್ 30ರಂದು ವಿಕ್ರಮ್ ಸಾರಾಭಾಯ್ ಕೋವಳಂನಲ್ಲಿ ಹಠಾತ್ತನೆ ತೀರಿಕೊಂಡಾಗ ಸತೀಶ್ ಧವನ್ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿದ್ದರು. ಬೆಂಗಳೂರಿನ ಐಐಎಸ್‌ಸಿ, ಅಂದರೆ ನಮ್ಮವರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಸಂಸ್ಥೆಯ ನಿರ್ದೇಶಕ ಹುದ್ದೆಯಿಂದ ರಜೆ ಪಡೆದು ಹೋಗಿದ್ದರು. ಬಾಹ್ಯಾಕಾಶ ಕಾರ್ಯಕ್ರಮ ವಹಿಸಿಕೊಳ್ಳುವಂತೆ ಪ್ರಧಾನಿ ಇಂದಿರಾ ಗಾಂಧಿ ಅವರಿಂದ ಕರೆ ಬಂತು.

ಧವನ್ ಒಪ್ಪಿದರು, ಆದರೆ ಷರತ್ತಿನ ಮೇಲೆ. ಐಐಎಸ್‌ಸಿ ಬಿಡುವುದಿಲ್ಲ, ಇಸ್ರೋ ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇರಬೇಕು, ಕ್ಯಾಲ್‌ಟೆಕ್‌ನ ಕೆಲಸ ಮುಗಿಸಿಯೇ ಬರುತ್ತೇನೆ ಎಂದರು. ಇಂದಿರಾ ಒಪ್ಪಿಕೊಂಡರು. ಧವನ್ ಬರುವ ತನಕ ಎಂ.ಜಿ.ಕೆ. ಮೆನನ್ ಹೊಣೆ ನೋಡಿಕೊಂಡರು.

1920ರ ಸೆಪ್ಟೆಂಬರ್ 25ರಂದು ಶ್ರೀನಗರದಲ್ಲಿ ಹುಟ್ಟಿದ ಧವನ್ ಲಾಹೋರಿನಲ್ಲಿ ಓದಿದವರು. ಗಣಿತ, ಭೌತಶಾಸ್ತ್ರ, ಇಂಗ್ಲಿಷ್ ಸಾಹಿತ್ಯ, ಮೆಕ್ಯಾನಿಕಲ್ ಎಂಜಿನಿಯರಿಂಗ್ ಎಲ್ಲವೂ ಆಗಿತ್ತು. 1951ರಲ್ಲಿ ಐಐಎಸ್‌ಸಿ ಸೇರಿದವರು ಮುಂದೆ ಅದರ ಅತಿ ಕಿರಿಯ ನಿರ್ದೇಶಕರಾದರು.

1972ರಿಂದ ಸುಮಾರು ಒಂಬತ್ತು ವರ್ಷ ಅವರು ಎರಡೂ ಕುರ್ಚಿಯಲ್ಲಿದ್ದರು. ಒಂದು ಕಡೆ ವಿದ್ಯಾರ್ಥಿಗಳು, ಪ್ರಾಧ್ಯಾಪಕರು, ಸಂಶೋಧನೆ. ಇನ್ನೊಂದು ಕಡೆ ದೆಹಲಿಯ ಬಜೆಟ್, ಗಡುವು, ತಿರುವನಂತಪುರ, ಅಹಮದಾಬಾದ್, ಶ್ರೀಹರಿಕೋಟಾ. ಎಲ್ಲವನ್ನೂ ತಾವೇ ಹಿಡಿದುಕೊಂಡಿದ್ದರೆ ಎರಡೂ ಕೆಡುತ್ತಿದ್ದವು. ಉಪಗ್ರಹ ಯು.ಆರ್. ರಾವ್ ಕೈಗೆ, ತಿರುವನಂತಪುರದ ಕೇಂದ್ರ ಬ್ರಹ್ಮಪ್ರಕಾಶ್ ಕೈಗೆ, ಎಸ್‌ಎಲ್‌ವಿ-3 ರಾಕೆಟ್ ಅಬ್ದುಲ್ ಕಲಾಂ ಕೈಗೆ. ಉಡುಪಿ ಜಿಲ್ಲೆಯ ರಾವ್ ತಂಡ ಪೀಣ್ಯದ ಶೆಡ್‌ಗಳಲ್ಲಿ ಕಟ್ಟಿದ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಹಾರಿತು.

ಕೆಲಸ ಹಂಚಿದರೂ ಹೊಣೆಯನ್ನು ಮಾತ್ರ ಧವನ್ ಹಂಚಲಿಲ್ಲ. 1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ಬಂಗಾಳ ಕೊಲ್ಲಿಗೆ ಬಿತ್ತು. ದಣಿದಿದ್ದ ಕಲಾಂ ಅವರನ್ನು ಮುಂದೆ ಬಿಡದೆ ಪತ್ರಕರ್ತರಿಗೆ ತಾವೇ ಉತ್ತರ ಕೊಟ್ಟರು. 1980ರ ಜುಲೈ 18ರಂದು ರೋಹಿಣಿ ಕಕ್ಷೆ ಸೇರಿದಾಗ ಮಾತಾಡಲು ಕಲಾಂ ಅವರನ್ನೇ ಕಳಿಸಿದರು. ಕಲಾಂ ಇದನ್ನು ಕೊನೆಯವರೆಗೂ ಹೇಳಿಕೊಂಡು ಬಂದರು. ಇಂದಿನ ಕಂಪನಿಗಳಲ್ಲಿ ಇದು ಸಾಮಾನ್ಯವಾಗಿ ತಿರುಗುಮುರುಗು ಅಲ್ಲವೇ?

1981ರಲ್ಲಿ ಐಐಎಸ್‌ಸಿ, 1984ರಲ್ಲಿ ಇಸ್ರೋ ಮುಖ್ಯಸ್ಥ ಹುದ್ದೆ ಬಿಟ್ಟರು. ಆಮೇಲೆ ಹಕ್ಕಿಗಳ ಹಾರಾಟದ ವಿಜ್ಞಾನದ ಬಗ್ಗೆಯೇ ಒಂದು ಪುಸ್ತಕ ಬರೆದರು. 2002ರ ಜನವರಿ 3ರಂದು ಬೆಂಗಳೂರಿನಲ್ಲಿ ನಿಧನರಾದರು. ಅದೇ ವರ್ಷ ಶ್ರೀಹರಿಕೋಟಾದ ಉಡ್ಡಯನ ಕೇಂದ್ರಕ್ಕೆ ಅವರ ಹೆಸರಿಡಲಾಯಿತು. ಪಕ್ಕದ ಪುಲಿಕಾಟ್ ಸರೋವರಕ್ಕೆ ಚಳಿಗಾಲದಲ್ಲಿ ರಾಜಹಂಸಗಳ ಹಿಂಡು ಬರುತ್ತದೆ.